ಅಪ್ಪನ ಮಳೆ ಪುಸ್ತಕ

ಜರ್ಮನಿಯ ಹ್ಯಾಂಬರ್ಗಿಗೆ ಬಂದ ಮೊದಲ ವಾರದಲ್ಲೇ ನೀವು ಬರೆದು ಕಳುಹಿಸಿದ ಪ್ರಶ್ನೆಗಳನ್ನು ಓದಿದೆ. ಮನೆ, ವಿಳಾಸ ನೋಂದಣಿ, ಆರೋಗ್ಯ ವಿಮೆ, ಚಳಿಗಾಲದ ಉಡುಪು, ಮುಂದೊಂದು ದಿನ ತಂದೆತಾಯಿಯರನ್ನು ಇಲ್ಲಿಗೆ ಕರೆಸಿಕೊಳ್ಳುವ ದಾರಿ, ಇವೆಲ್ಲವನ್ನೂ ಕೇಳಿದ ಮೇಲೆ ಕೊನೆಯಲ್ಲಿ ಹಿಂಜರಿಯುತ್ತ ಒಂದು ಮಾತು ಸೇರಿಸಿದ್ದೀರಿ: ‘ನಮ್ಮ ತಂದೆ ಫೋನಿನಲ್ಲಿ ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತಾರೆ. ನಾನು ಇಲ್ಲಿಗೆ ಬಂದದ್ದು ಅವರಿಗೆ ಇಷ್ಟವಿರಲಿಲ್ಲವೋ ಏನೋ ತಿಳಿಯುತ್ತಿಲ್ಲ.’ ಮೊದಲಿನ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ನಿಮ್ಮ ಕಚೇರಿಯಲ್ಲೇ ಹಲವರಿರುತ್ತಾರೆ. ಕೊನೆಯದಕ್ಕೆ ಮಾತ್ರ ನಾನು ಸ್ವಲ್ಪ ದೀರ್ಘವಾಗಿ ಬರೆಯಬೇಕಾಗಿದೆ.

ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಬಾಡಿಗೆ ಕರಾರು ಸಾಲದು, ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲೇ ಬರುವುದರಿಂದ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿರಲಿ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಬೇಕಾಗುತ್ತದೆ, ಆ ಪತ್ರವನ್ನು ಜಾಹೀರಾತೆಂದು ಎಸೆಯಬೇಡಿ. ಆರೋಗ್ಯ ವಿಮೆ ಕಡ್ಡಾಯ. ಬೆಚ್ಚನೆಯ ಉಡುಪನ್ನು ಇಲ್ಲಿಯೇ ಕೊಳ್ಳಿ. ಈ ಊರಿನಲ್ಲಿ ಹಿಮಕ್ಕಿಂತ ಗಾಳಿಮಳೆ ಕಾಡುವುದೇ ಹೆಚ್ಚು.

ಇನ್ನು ತಂದೆಯವರ ವಿಷಯ. ಜರ್ಮನಿಯು 2000ದ ಆಗಸ್ಟ್‌ನಲ್ಲಿ ಹೊರದೇಶದ ಕಂಪ್ಯೂಟರ್ ತಂತ್ರಜ್ಞರಿಗಾಗಿ ‘ಗ್ರೀನ್ ಕಾರ್ಡ್’ ಯೋಜನೆ ಆರಂಭಿಸಿತ್ತು. ಅದರಡಿಯಲ್ಲಿ ನಾನು 2001ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದಾಗ ಇನ್ನೂ ಮಾರ್ಕ್ ನಾಣ್ಯ ಚಲಾವಣೆಯಲ್ಲಿತ್ತು. ಪರವಾನಗಿ ಹೆಚ್ಚೆಂದರೆ ಐದು ವರ್ಷದ್ದು, ಆಮೇಲೆ ಹಿಂದಿರುಗಿ ಬರುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ನಮ್ಮ ತಂದೆ ಆಗ ಶಿವಮೊಗ್ಗದಲ್ಲಿ, ಭದ್ರಾ ಅಚ್ಚುಕಟ್ಟಿನ ನೀರಾವರಿ ಎಂಜಿನಿಯರಾಗಿದ್ದರು. ಹೊರಡುವ ಮುನ್ನ ನನ್ನ ಪ್ರಮಾಣಪತ್ರಗಳ ನಕಲುಗಳಿಗೆ ಗೆಜೆಟೆಡ್ ಅಧಿಕಾರಿಯೊಬ್ಬರ ಸಹಿ ಬೇಕಾಗಿತ್ತು. ಅವರೇ ಗೆಜೆಟೆಡ್ ಅಧಿಕಾರಿ. ಹಸಿರು ಶಾಯಿಯ ಪೆನ್ನು ಅವರ ಜೇಬಿನಲ್ಲೇ ಇತ್ತು. ಆದರೆ ಸ್ವಂತ ಮಗನ ಕಾಗದಕ್ಕೆ ತಂದೆ ದೃಢೀಕರಣ ಕೊಡುವುದು ಸರಿಯಲ್ಲವೆಂದು ಹೇಳಿ, ಸರ್ಕಾರಿ ಕಾಲೇಜಿನ ಪ್ರಾಂಶುಪಾಲರ ಕೊಠಡಿಯ ಹೊರಗೆ ನನ್ನನ್ನು ಎಲ್ಲರೊಂದಿಗೆ ಕಾಯಿಸಿದರು. ನಾಲೆಯ ನೀರಿನ ವಿಷಯದಲ್ಲೂ ಅವರದು ಇದೇ ನಡವಳಿಕೆ. ಬೇಸಿಗೆ ಬೆಳೆಗೆ ಸರದಿಯಂತೆ ನೀರು ಬಿಡುವಾಗ ಮೇಲ್ಭಾಗದ ಪ್ರಭಾವಿಗಳು ರಾತ್ರಿ ತೂಬು ಎತ್ತಿಸಿಕೊಂಡರೆ ಕೊನೆಭಾಗದ ರೈತನ ಗದ್ದೆಗೆ ನೀರೇ ಹೋಗದು. ಅಂಥ ರಾತ್ರಿಗಳಲ್ಲಿ ನೀರುಗಂಟಿಯ ಜೊತೆ ತಾವೇ ನಾಲೆಯ ಏರಿಯ ಮೇಲೆ ನಡೆಯುತ್ತಿದ್ದರು. ಇದಕ್ಕಾಗಿ ಅವರಿಗೆ ವರ್ಗಾವಣೆಗಳೂ ಆದವು. ಆ ಬಗ್ಗೆ ಮನೆಯಲ್ಲಿ ಅವರು ಒಂದು ಮಾತನ್ನೂ ಆಡಲಿಲ್ಲ; ನನಗೆ ತಿಳಿದದ್ದು ಬೇರೆಯವರಿಂದ, ಅದೂ ಎಷ್ಟೋ ವರ್ಷಗಳ ನಂತರ. ಇಂಥ ಮನುಷ್ಯನ ಮಗನೆಂದು ಹೇಳಿಕೊಳ್ಳುವಾಗ ಇಂದಿಗೂ ನನಗೆ ಎದೆ ತುಂಬಿ ಬರುತ್ತದೆ.

ನಾನು ಫೋನ್ ಮಾಡಿದಾಗ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಅಲ್ಲಿ ಮಳೆ ಹೇಗಿದೆ?’ ನಾನು ಉತ್ತರ ಹೇಳುತ್ತಿದ್ದೆ. ‘ಸರಿ, ಅಮ್ಮನಿಗೆ ಕೊಡುತ್ತೇನೆ’ ಎನ್ನುತ್ತಿದ್ದರು. ಊಟ ಮಾಡಿದೆಯಾ, ಒಂಟಿಯೆನಿಸುತ್ತಿದೆಯಾ, ಯಾವಾಗ ಬರುತ್ತೀಯಾ ಎಂದು ಕೇಳುವುದೆಲ್ಲ ಅಮ್ಮನ ಪಾಲಿಗಿತ್ತು. ಐದು ವರ್ಷ ಕಳೆದು, ಹಿಂದಿರುಗುವ ಮಾತು ಮುಂದಕ್ಕೆ ಹೋಗಿ, ಕೊನೆಗೆ ನಿಂತೇಹೋದಾಗಲೂ ಅವರ ಪ್ರಶ್ನೆ ಬದಲಾಗಲಿಲ್ಲ. ಮಳೆ ಅವರ ವೃತ್ತಿಯ ವಿಷಯ, ಆದ್ದರಿಂದ ಕೇಳುತ್ತಾರೆ ಎಂದಷ್ಟೇ ನಾನು ಭಾವಿಸಿದ್ದೆ. ಹ್ಯಾಂಬರ್ಗಿನಲ್ಲಿ ವರ್ಷವಿಡೀ ಸುರಿಯುವ ಮಳೆ ಸರಾಸರಿ 800 ಮಿಲಿಮೀಟರನ್ನೂ ಮುಟ್ಟುವುದಿಲ್ಲ, ಅಷ್ಟನ್ನು ಆಗುಂಬೆ ಜುಲೈ ಒಂದರಲ್ಲೇ ಮೀರಿಸುತ್ತದೆ ಎಂದು ಒಮ್ಮೆ ಲೆಕ್ಕ ಕೊಟ್ಟಿದ್ದರು. ಅವರ ದನಿಯಲ್ಲಿ ಉತ್ಸಾಹ ಕೇಳಿಸಿದ ಕೆಲವೇ ಕರೆಗಳಲ್ಲಿ ಅದೂ ಒಂದು.

ಮನೆಯ ಹಿತ್ತಲಿನಲ್ಲಿ ಸ್ವಂತ ಹಣದಿಂದ ಕೊಂಡ ಮಳೆಮಾಪಕವೊಂದನ್ನು ಅವರು ಇರಿಸಿದ್ದರು. ಹವಾಮಾನ ಇಲಾಖೆಯ ಕ್ರಮದಂತೆಯೇ ದಿನವೂ ಬೆಳಿಗ್ಗೆ 8.30ಕ್ಕೆ ಅಳತೆ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುತ್ತಿದ್ದರು. ದಿನಾಂಕ, ಮಿಲಿಮೀಟರ್, ಷರಾ ಎಂದು ಮೂರು ಅಂಕಣ. ಎಂಜಿನಿಯರುಗಳ ಅಳತೆ ಪುಸ್ತಕದ ನಿಯಮವನ್ನೇ ಅದಕ್ಕೂ ಅನ್ವಯಿಸಿಕೊಂಡಿದ್ದರು: ಬರೆದುದನ್ನು ಅಳಿಸಬಾರದು, ಮೇಲೆ ತಿದ್ದಿ ಬರೆಯಬಾರದು, ತಪ್ಪಾದರೆ ಅಡ್ಡಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಆ ಪುಸ್ತಕಗಳು ಹಜಾರದ ಕಪಾಟಿನಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದವು. ಮಳೆಯ ಲೆಕ್ಕವೆಂದು ಯಾರೂ ತೆರೆದು ನೋಡಿರಲಿಲ್ಲ.

2014ರಲ್ಲಿ ಅವರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗಾಗಿ ಹಳೆಯ ಕ್ರಯಪತ್ರ, ಪಹಣಿಗಳನ್ನು ಹುಡುಕುತ್ತ ನಾನು ಆ ಕಪಾಟನ್ನು ಬರಿದು ಮಾಡಿದೆ. ಕಾಗದಗಳೇನಾದರೂ ಪುಸ್ತಕಗಳ ನಡುವೆ ಸೇರಿರಬಹುದೆಂದು ಪುಟ ತಿರುವುತ್ತಿದ್ದಾಗ 2001ರ ಅಕ್ಟೋಬರ್ ತಿಂಗಳು ಕಣ್ಣಿಗೆ ಬಿತ್ತು. ನಾನು ರಾತ್ರಿಯ ಬಸ್ಸಿನಲ್ಲಿ ಹೊರಟುಹೋದ ಮರುದಿನದ ಸಾಲಿನಲ್ಲಿ ಒಂದು ಅಂಕಿಗೆ ಅಡ್ಡಗೆರೆ, ಅದರ ಮುಂದಿನ ಅಂಕಿಗೂ ಅಡ್ಡಗೆರೆ, ಆಮೇಲೆ ಮೂರನೆಯ ಅಂಕಿ, ಚಿಕ್ಕ ಸಹಿ. ಷರಾ ಅಂಕಣದಲ್ಲಿ ಹೀಗಿತ್ತು: ‘ಮನಸ್ಸು ಸ್ಥಿಮಿತದಲ್ಲಿಲ್ಲದ ಕಾರಣ ಅಳತೆ ಎರಡು ಬಾರಿ ತಪ್ಪಿತು. ಸರಿಪಡಿಸಲಾಗಿದೆ.’ ಅಳುವನ್ನು ಎಲ್ಲರಿಂದಲೂ ಮರೆಮಾಚಬಲ್ಲವರಾಗಿದ್ದರು ಅವರು. ಆದರೆ ತಪ್ಪಿದ ಅಂಕಿಗೆ ಕಾರಣ ಬರೆಯದೆ ಬಿಡುವುದು, ಅಥವಾ ಸುಳ್ಳು ಕಾರಣ ಬರೆಯುವುದು ಅವರಿಂದ ಆಗದ ಕೆಲಸವಾಗಿತ್ತು. ಯಾವ ನಿಷ್ಠೆ ಅವರನ್ನು ನಮ್ಮೆಲ್ಲರ ಪಾಲಿಗೆ ಕಠಿಣ ಮನುಷ್ಯನಾಗಿ ಮಾಡಿತ್ತೋ ಅದೇ ನಿಷ್ಠೆ ಅವರ ಮನಸ್ಸನ್ನು ಆ ಪುಟದ ಮೇಲೆ ಬಿಚ್ಚಿಟ್ಟಿತ್ತು.

ಕ್ರಯಪತ್ರ ಹುಡುಕುವುದನ್ನು ಅಲ್ಲಿಗೇ ಬಿಟ್ಟು ನಾನು ಪುಟಪುಟವನ್ನೂ ಓದಿದೆ. ಫೋನ್ ಬಂದ ದಿನಗಳಲ್ಲೆಲ್ಲ ಷರಾ ಇತ್ತು. ‘ಹ್ಯಾಂಬರ್ಗ್: ತುಂತುರು.’ ‘ಹ್ಯಾಂಬರ್ಗ್: ಮಳೆ ಇಲ್ಲ. ನಕ್ಕ.’ ‘ಹ್ಯಾಂಬರ್ಗ್: ಮಳೆ. ದನಿ ಭಾರವಾಗಿದೆ. ಶೀತವಿರಬಹುದು, ಬೇರೆ ಕಾರಣವೂ ಇರಬಹುದು. ಕೇಳಲಿಲ್ಲ.’ ಪ್ರತಿ ಡಿಸೆಂಬರಿನ ಕೊನೆಯಲ್ಲಿ ಶಿವಮೊಗ್ಗದ ವರ್ಷದ ಮೊತ್ತದ ಕೆಳಗೆ ಹ್ಯಾಂಬರ್ಗಿನ ಮಳೆ ದಿನಗಳನ್ನೂ ಎಣಿಸಿ ಬರೆದು, ಅದರ ಮುಂದೆ ಕಚೇರಿಯ ಭಾಷೆಯಲ್ಲೇ ಟಿಪ್ಪಣಿ ಹಾಕಿದ್ದರು: ‘ಅಂಕಿ ಅಪೂರ್ಣ. ಫೋನ್ ಬಾರದ ವಾರಗಳ ಮಾಹಿತಿ ಲಭ್ಯವಿಲ್ಲ.’ ಅದರಲ್ಲಿ ದೂರಿನ ಸುಳಿವಿರಲಿಲ್ಲ. ಯಾರಾದರೂ ಓದಲಿ ಎಂಬ ಉದ್ದೇಶವಿಲ್ಲದೆ ಬರೆದ ಆ ಟಿಪ್ಪಣಿಯೇ ನನ್ನನ್ನು ಹೆಚ್ಚು ನೋಯಿಸಿದೆ, ಈಗಲೂ ನೋಯಿಸುತ್ತದೆ. ಅವರ ಪ್ರಶ್ನೆಗೆ ಕಿಟಕಿಯಾಚೆ ನೋಡಿ ಇನ್ನೂ ನಾಲ್ಕು ಮಾತು ಸೇರಿಸಿದ್ದರೆ ಆ ಅಂಕಣ ಎಷ್ಟು ತುಂಬುತ್ತಿತ್ತೆಂದು ಯೋಚಿಸದ ಮಳೆಗಾಲ ನನಗೆ ಇಲ್ಲಿ ಕಳೆದಿಲ್ಲ.

ಆದ್ದರಿಂದ ನಿಮ್ಮ ತಂದೆಯವರನ್ನು ‘ನಿಮಗೆ ಬೇಸರವಾಗಿದೆಯಾ’ ಎಂದು ಕೇಳಬೇಡಿ. ಇಲ್ಲವೆನ್ನುತ್ತಾರೆ, ಅಮ್ಮನ ಕೈಗೆ ಫೋನ್ ಕೊಡುತ್ತಾರೆ. ಅವರಿಗೆ ಉತ್ತರ ತಿಳಿದಿರುವ ವಿಷಯವನ್ನು ಕೇಳಿ. ಅವರು ಬಲ್ಲ ಕೆಲಸ, ಕಟ್ಟಿಸಿದ ಮನೆ, ನಡೆಸಿದ ವ್ಯವಹಾರ ಯಾವುದಾದರೂ ಸರಿ, ಅದರಲ್ಲಿ ನಿಮಗೊಂದು ಸಂದೇಹವಿದೆಯೆಂದು ಹೇಳಿ, ಮತ್ತು ಸಂದೇಹ ನಿಜವಾದದ್ದಾಗಿರಲಿ. ಅವರು ಕೇಳುವ ಪ್ರಶ್ನೆ ಒಂದೇ ಆಗಿದ್ದರೆ ಅದಕ್ಕೆ ಪ್ರತಿ ಸಲವೂ ಹೊಸದಾಗಿ, ವಿವರವಾಗಿ ಉತ್ತರಿಸಿ. ವೇಳೆಯನ್ನೂ ಗಮನಿಸಿ: ನಮ್ಮೂರಿಗೂ ಇಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ನೀವು ಕೆಲಸ ಮುಗಿಸಿ ಮನೆ ಸೇರುವ ಹೊತ್ತಿಗೆ ಅಲ್ಲಿ ಹಿರಿಯರು ಮಲಗುವ ಸಮಯ. ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಆ ಬೆಳಗನ್ನು ಅವರಿಗೆ ಮೀಸಲಿಡಿ.

ಕರೆಸಿಕೊಳ್ಳುವ ಬಗ್ಗೆ ಕೇಳಿದ್ದಿರಿ. 2024ರ ಮಾರ್ಚ್ 1 ಅಥವಾ ಆಮೇಲೆ ಮೊದಲ ಬಾರಿಗೆ ನಿವಾಸ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯರನ್ನೂ ಇಲ್ಲಿ ನೆಲೆಸಲು ಕರೆಸಿಕೊಳ್ಳಲು ಈಗ ಕಾನೂನಿನಲ್ಲಿ ಅವಕಾಶವಿದೆ. ಆದರೆ ಅವರ ಜೀವನ ನಿರ್ವಹಣೆಯನ್ನೂ ಆರೋಗ್ಯ ವಿಮೆಯನ್ನೂ ನೀವು ತೋರಿಸಬೇಕು, ವಯಸ್ಸಾದವರಿಗೆ ಆ ವಿಮೆ ಸಿಗುವುದು ಸುಲಭವಲ್ಲ. ಅದಕ್ಕಾಗಿ ಕಾಯದೆ ಮುಂದಿನ ಬೇಸಿಗೆಗೇ ಭೇಟಿಯ ವೀಸಾದಲ್ಲಿ ಕರೆಸಿ. 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. 30,000 ಯೂರೊಗಿಂತ ಕಡಿಮೆಯಿಲ್ಲದ ಮೊತ್ತಕ್ಕೆ ರಕ್ಷಣೆ ಕೊಡುವ ಪ್ರವಾಸ ವಿಮೆ ಮಾಡಿಸಬೇಕು. ಖರ್ಚಿನ ಹೊಣೆ ನಿಮ್ಮದೆಂಬ ಮುಚ್ಚಳಿಕೆಯನ್ನು ಇಲ್ಲಿನ ವಿದೇಶಿಯರ ಕಚೇರಿಯಲ್ಲಿ 29 ಯೂರೊ ಕಟ್ಟಿ ಪಡೆಯಬೇಕು. ಪಾಸ್‌ಪೋರ್ಟ್ ಇಲ್ಲದಿದ್ದರೆ ಈ ತಿಂಗಳೇ ಅರ್ಜಿ ಹಾಕಿಸಿ.

ನಮ್ಮ ತಂದೆಯೂ ಒಂದು ಬೇಸಿಗೆ ಬಂದಿದ್ದರು. ಊರು ಸುತ್ತುವ ಆಸೆ ಅವರಿಗಿರಲಿಲ್ಲ. 1962ರ ಫೆಬ್ರುವರಿ 16ರ ರಾತ್ರಿ ಎಲ್ಬೆ ನದಿಯ ಏರಿಗಳು ಒಡೆದು ಈ ಊರಿನಲ್ಲಿ 315 ಜನ ಸತ್ತರೆಂದು ಎಲ್ಲೋ ಓದಿಕೊಂಡು ಬಂದಿದ್ದವರು, ಪ್ರವಾಹದ ಗುರುತುಗಳನ್ನು ತೋರಿಸು ಎಂದರು. ಇಲ್ಲಿನ ಸೇಂಟ್ ಪೌಲಿಯ ನೀರಿನ ಮಟ್ಟದ ಮಾಪಕದಲ್ಲಿ ಆ ರಾತ್ರಿ ನೀರು ಸಮುದ್ರಮಟ್ಟಕ್ಕಿಂತ 5.70 ಮೀಟರ್ ಎತ್ತರಕ್ಕೆ ಏರಿತ್ತೆಂದು ತಿಳಿದಾಗ, ಅಲೆ ಯಾವ ಕಡೆಯಿಂದ ಏರಿಯನ್ನು ಕೊರೆದಿರಬೇಕು, ಇಳಿಜಾರು ಎಷ್ಟಿರಬೇಕಿತ್ತು, ಒಡೆಯುವ ಮೊದಲು ಹಿಂಬದಿಯ ಮಣ್ಣು ಹೇಗೆ ಕುಸಿಯುತ್ತದೆ ಎಂದು ನದಿಯ ದಂಡೆಯಲ್ಲಿ ನಿಂತೇ ಬಹಳ ಹೊತ್ತು ವಿವರಿಸಿದರು. ಅವರು ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ಅದೊಂದೇ ದಿನ. ಆ ದಿನ ನನಗೆ ಸಿಕ್ಕಿತಲ್ಲ ಎಂಬ ಸಮಾಧಾನವಿದೆ. ನಿಮ್ಮ ತಂದೆಯವರು ಯಾವ ಕೆಲಸದಲ್ಲಿದ್ದರೆಂದು ನೀವು ಬರೆದಿಲ್ಲ. ತಿಳಿಸಿದರೆ, ಅವರು ಬಂದಾಗ ಈ ಊರಿನಲ್ಲಿ ಎಲ್ಲಿಗೆ ಕರೆದೊಯ್ಯಬಹುದೆಂದು ಯೋಚಿಸಿ ಬರೆಯುತ್ತೇನೆ.