ಮೆಲ್ಬರ್ನ್‌ಗೆ ಬರುತ್ತಿರುವ ಗದಗಿನ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ದೊಡ್ಡ ಮನೆ ಸಿಗುತ್ತೆ, ಆದ್ರೆ ಹಾಲು ತರೋಕೂ ಕಾರು ಬೇಕು. ಹಳೇ ಏರಿಯಾದಲ್ಲಿ ಅದೇ ಬಾಡಿಗೆಗೆ ಎರಡೇ ಕೋಣೆ, ಪರಿಚಯದವರು ಯಾರೂ ಇಲ್ಲ. ಯಾವುದು ಹಿಡಿಯಲಿ ಅಂತ ಕೇಳಿದ್ದೀಯ. ಜೊತೆಗೆ, "ಮತ್ತೆ ಕೊರೊನಾದಂಥದ್ದು ಬಂದ್ರೆ ನಮಗೆ ಯಾರಿದ್ದಾರೆ ಅಕ್ಕಾ?" ಅಂತಲೂ ಕೇಳಿದ್ದೀಯ.

ಎರಡು ಕೋಣೆಯ ಮನೆ ಹಿಡಿ. ಯಾಕೆ ಅಂತ ಹೇಳ್ತೀನಿ.

ನಾನು ಹುಬ್ಬಳ್ಳಿಯವಳು. ಬಂದ ಹೊಸದರಲ್ಲಿ ನನ್ನ ಬಳಗ ಅಂದ್ರೆ ಕನ್ನಡದ ನಾಲ್ಕು ಮನೆಗಳು. ಹಬ್ಬಕ್ಕೆ ಸೇರುತ್ತಿದ್ದೆವು, ಹೋಳಿಗೆ ಮಾಡುತ್ತಿದ್ದೆವು. ಆದ್ರೆ ಅವರೆಲ್ಲ ಇದ್ದದ್ದು ಹುಬ್ಬಳ್ಳಿಯಿಂದ ಧಾರವಾಡ ಇದ್ದಷ್ಟು ದೂರ. ಪಕ್ಕದ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ.

2020ರ ಆಗಸ್ಟ್‌ನಲ್ಲಿ ಇಲ್ಲಿ ನಿಯಮ ಬಿಗಿಯಾಯಿತು. ಮನೆಯಿಂದ 5 ಕಿಲೋಮೀಟರ್ ದಾಟುವ ಹಾಗಿಲ್ಲ. ವ್ಯಾಯಾಮಕ್ಕೆ ದಿನಕ್ಕೆ ಒಂದೇ ತಾಸು. ರಾತ್ರಿ 8ರಿಂದ ಬೆಳಗಿನ 5ರವರೆಗೆ ಕರ್ಫ್ಯೂ. ಆರು ಲಾಕ್‌ಡೌನ್ ಸೇರಿ 2021ರ ಅಕ್ಟೋಬರ್ ಹೊತ್ತಿಗೆ 262 ದಿನ ಆಯಿತು. ಕನ್ನಡದ ನಾಲ್ಕೂ ಮನೆಗಳು ಫೋನಿಗಷ್ಟೇ ಸಿಗುತ್ತಿದ್ದವು.

ಆಗ ಉಳಿದದ್ದು ನಡೆದು ಮುಟ್ಟುವ ಜಾಗ ಮಾತ್ರ. ಮನೆ ಹಿಂದೆ ಒಂದು ಹಳ್ಳ, ಅದರ ದಂಡೆಗೆ ಕಾಲುದಾರಿ. ದಿನಾ ಅದೇ ಹೊತ್ತಿಗೆ ಅವೇ ಮುಖಗಳು. ಮೊದಲು ಬರೀ ತಲೆ ಅಲ್ಲಾಡಿಸೋದು, ಆಮೇಲೆ ಆರು ಅಡಿ ದೂರ ನಿಂತು ಮಾತು. ಪಕ್ಕದ ಮನೆಯ ಇಟಲಿಯ ಅಜ್ಜಿಯ ಪರಿಚಯ ಆಗಿದ್ದು ಹಾಗೇ. ಒಂದು ದಿನ ಬೇಲಿ ಮೇಲೆ ಚೀಲದ ತುಂಬ ನಿಂಬೆಹಣ್ಣು ಇಟ್ಟಿದ್ದಳು. ನಾನು ಉಪ್ಪಿನಕಾಯಿ ಹಾಕಿ, ಎರಡು ಬಿಸಿ ರೊಟ್ಟಿ ಸೇರಿಸಿ ಅದೇ ಚೀಲದಲ್ಲಿ ವಾಪಸ್ ಇಟ್ಟೆ. ನನಗೆ ಜ್ವರ ಬಂದು ಮಲಗಿದಾಗ ಬಾಗಿಲ ಮುಂದೆ ಸೂಪಿನ ಪಾತ್ರೆ ಇಟ್ಟು, ಕಿಟಕಿ ಬಡಿದು ಹೋದವಳು ಅವಳೇ.

ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಅವ್ವ ಒಬ್ಬಳೇ. ಆಸ್ಟ್ರೇಲಿಯಾದ ಗಡಿ 2020ರ ಮಾರ್ಚ್‌ನಲ್ಲಿ ಮುಚ್ಚಿದ್ದು 2021ರ ನವೆಂಬರ್‌ವರೆಗೆ ಸರಿಯಾಗಿ ತೆರೆಯಲಿಲ್ಲ. ನಾನು ಫೋನಿನಲ್ಲಿ ಅತ್ತರೆ, "ಓಣ್ಯಾಗ ಮಂದಿ ಅದಾರವಾ, ಗುಳಿಗಿ ತಂದು ಕೊಡ್ತಾರ, ನೀ ಚಿಂತಿ ಮಾಡಬ್ಯಾಡ" ಅನ್ನುತ್ತಿದ್ದಳು. ಆ ಓಣಿ ಒಂದೇ ದಿನದಲ್ಲಿ ಆದದ್ದಲ್ಲ. ಮೂವತ್ತು ವರ್ಷ ಕಟ್ಟೆ ಮೇಲೆ ಕೂತು ಸೊಪ್ಪು ಸೋಸುತ್ತ ಅವ್ವ ಗಳಿಸಿದ್ದು. ಇಲ್ಲಿ ಮನೆ ಮುಂದೆ ಕಟ್ಟೆ ಇರಲ್ಲ ತಂಗಿ. ಅದಕ್ಕೇ ಪಾರ್ಕು, ಲೈಬ್ರರಿ, ಕಾಲುದಾರಿ ಇಷ್ಟು ಮುಖ್ಯ.

ಇಲ್ಲಿನ ಸರ್ಕಾರದ ನಗರ ಯೋಜನೆಯಲ್ಲೂ ಈ ಮಾತಿದೆ. ದಿನದ ಬಹುತೇಕ ಅಗತ್ಯಗಳು ನಡೆದು ಹೋಗಿ ಬರಲು 20 ನಿಮಿಷದೊಳಗೆ ಸಿಗಬೇಕು ಅಂತ. ಅಂದ್ರೆ ಮನೆಯಿಂದ ಸುಮಾರು 800 ಮೀಟರ್. ಎಲ್ಲ ಕಡೆ ಹಾಗಿಲ್ಲ. ಕೆಲವು ಹೊಸ ಬಡಾವಣೆಗಳಲ್ಲೂ ಒಳ್ಳೆ ಪಾರ್ಕು, ಅಂಗಡಿ ಇವೆ. ನಿನಗೆ ಸಿಕ್ಕ ದೊಡ್ಡ ಮನೆ ಮಾತ್ರ ಅಂಥದ್ದಲ್ಲ ಅಂತ ನೀನೇ ಬರೆದಿದ್ದೀಯಲ್ಲ.

ಕನ್ನಡದವರನ್ನು ಬಿಡು ಅಂತ ಹೇಳ್ತಿಲ್ಲ. ಹಬ್ಬಕ್ಕೆ, ಮಗುವಿನ ಭಾಷೆಗೆ, ಮನಸು ಬಿಚ್ಚಿ ಮಾತಾಡೋಕೆ ಅವರೇ ಬೇಕು. ಅವರು ಸಿಕ್ಕೇ ಸಿಗ್ತಾರೆ, ರೈಲು ಹತ್ತಿ ಹೋದರಾಯ್ತು. ರಾತ್ರಿ ಮಗುವಿಗೆ ಜ್ವರ ಏರಿದಾಗ ಬಾಗಿಲು ತಟ್ಟೋಕೆ ಪಕ್ಕದವರು ಬೇಕು. ಬಂದ ವಾರದಲ್ಲೇ ಎರಡೂ ಬದಿಯ ಮನೆಗೆ ಹೋಗಿ ಹೆಸರು ಹೇಳು. ಅವರೇ ಬರಲಿ ಅಂತ ಕಾಯಬೇಡ. ಇಲ್ಲಿನ ಜನ ಕರೆಯದೆ ಬಾಗಿಲಿಗೆ ಬರೋದು ಕಡಿಮೆ. ಅದು ಸೊಕ್ಕಲ್ಲ, ಸಂಕೋಚ.

ಮನೆಗೆ ಸಹಿ ಹಾಕೋ ಮೊದಲು ಒಮ್ಮೆ ಸಂಜೆ ಐದರ ಹೊತ್ತಿಗೆ ಆ ಬೀದಿಯಲ್ಲಿ ಮಗುವನ್ನು ಕರೆದುಕೊಂಡು ನಡೆದು ನೋಡು. ಎಷ್ಟು ಜನ ಎದುರು ಸಿಗ್ತಾರೆ ಅಂತ ಎಣಿಸು.