ಓದುಗರ ಪ್ರಶ್ನೆ: ಮಾರ್ಟ್‌ನ ಅಗ್ಗ, ಓಣಿಯ ಉದ್ರಿ

ಪ್ರಶ್ನೆ: ಬಾಗಲಕೋಟೆಯ ನವನಗರದವರು ನಾವು. ತಿಂಗಳ ಕಿರಾಣಿ ಸಾಮಾನು ಈಗ ದೊಡ್ಡ ಮಾರ್ಟ್‌ನಿಂದ ತರುತ್ತೇವೆ. ಬಿಲ್ಲಿನ ಕೆಳಗೆ ‘ನಿಮ್ಮ ಉಳಿತಾಯ ಇಷ್ಟು’ ಎಂದಿರುತ್ತದೆ. ರೊಕ್ಕ ಸಾಲದ ತಿಂಗಳು ಮಾತ್ರ ಓಣಿಯ ಅಂಗಡಿಯಲ್ಲಿ ಉದ್ರಿ. ಮಾರ್ಟ್ ನಿಜಕ್ಕೂ ಅಗ್ಗವೇ? ನಾವು ಮಾಡುತ್ತಿರುವುದು ಸರಿಯೇ?

ಉತ್ತರ: ಆ ‘ಉಳಿತಾಯ’ ಎಂಆರ್‌ಪಿಯಿಂದ ಕಳೆದು ತೋರಿಸಿದ್ದು. ಎಂಆರ್‌ಪಿ ಎಂದರೆ ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬ ಮಿತಿ ಅಷ್ಟೆ. ಎಷ್ಟೋ ಸಾಮಾನನ್ನು ಕಿರಾಣಿಯವರೂ ಅದಕ್ಕಿಂತ ಕಡಿಮೆಗೆ ಕೊಡುತ್ತಾರೆ. ಹೋಲಿಸಬೇಕಾದದ್ದು ಎರಡೂ ಕಡೆ ನೀವು ನಿಜವಾಗಿ ಎಣಿಸಿ ಕೊಡುವ ದುಡ್ಡನ್ನು, ಅದೂ ತೂಕದ ಲೆಕ್ಕದಲ್ಲಿ.

ಎಣ್ಣೆಯನ್ನೇ ನೋಡಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ದೊಡ್ಡದಾದ 850 ಗ್ರಾಂ ಪಾಕೀಟೂ ಪಕ್ಕದಲ್ಲೇ ಇರುತ್ತದೆ. ಮೊದಲನೆಯದಕ್ಕೆ 146, ಎರಡನೆಯದಕ್ಕೆ 140 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಗೆ ಮೊದಲನೆಯದು ಸುಮಾರು 160 ಬಿದ್ದರೆ ಎರಡನೆಯದು 165. ಆರು ರೂಪಾಯಿ ಕಡಿಮೆ ಕೊಟ್ಟವರಿಗೇ ಎಣ್ಣೆ ತುಟ್ಟಿ! ಪಾಕೀಟಿನ ಮೇಲೆ ಪ್ರತಿ ಗ್ರಾಮಿನ ದರ (ಕಿಲೋ ಮೀರಿದರೆ ಪ್ರತಿ ಕಿಲೋ ದರ) ಅಚ್ಚಾಗಿರಬೇಕೆಂಬ ನಿಯಮವಿದೆ. ಆದರೆ ಅದೂ ಎಂಆರ್‌ಪಿಯ ಲೆಕ್ಕವೇ. ಆಫರ್ ದರವನ್ನು ತೂಕದಿಂದ ಮೊಬೈಲಿನಲ್ಲಿ ನೀವೇ ಭಾಗಿಸಬೇಕು.

ಸೋಪು, ಬಟ್ಟೆ ಪೌಡರ್, ಟೂತ್‌ಪೇಸ್ಟ್‌ಗಳಲ್ಲಿ ಸಾಮಾನ್ಯವಾಗಿ ಮಾರ್ಟೇ ಅಗ್ಗ. ಲಾರಿಗಟ್ಟಲೆ ಕೊಳ್ಳುವವರಿಗೆ ಕಂಪನಿ ಕೊಡುವ ದರ ಸಣ್ಣ ಅಂಗಡಿಗೆ ಸಿಗುವುದಿಲ್ಲ. ಜೋಳದ ಮಾತು ಬೇರೆ. ಹಿಂಗಾರಿ ರಾಶಿ ಮುಗಿದ ಮೇಲೆ ಸಂತೆಯಲ್ಲೋ ರೈತರಲ್ಲೋ ಕಾಳು ಕೈಯಲ್ಲಿ ಹಿಡಿದು, ಹುಳ ನೋಡಿ, ಒಂದೆರಡು ಕಡಿದು ಕೊಳ್ಳಿ. ಬಿಸಿಲಿಗೆ ಒಣಗಿಸಿಟ್ಟು ಬೇಕಾದಷ್ಟೇ ಬೀಸಿಸಿ. ಪಾಕೀಟಿನ ಜೋಳದ ಹಿಟ್ಟು ಹಳೆಯದಾಗಿದ್ದರೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ರೊಟ್ಟಿ ಹರಿಯುತ್ತದೆ.

ಇನ್ನು ಸರಿ-ತಪ್ಪು. ಮಾರ್ಟ್‌ಗೆ ಹೋಗುವುದು ತಪ್ಪಲ್ಲ. ಆದರೆ ರೊಕ್ಕಕ್ಕೊಂದು ಅಂಗಡಿ, ಉದ್ರಿಗೊಂದು ಅಂಗಡಿ ಎಂಬ ರೂಢಿ ನ್ಯಾಯವಲ್ಲ. ನಿಮ್ಮ ಉದ್ರಿಯಷ್ಟು ಅಂಗಡಿಯವರ ಬಂಡವಾಳ ಬಡ್ಡಿಯಿಲ್ಲದೆ ಸಿಕ್ಕಿಬೀಳುತ್ತದೆ. ರೊಕ್ಕದ ಗಿರಾಕಿ ಬಂದರೆ ಮಾತ್ರ ಅವರು ಅದನ್ನು ತಾಳಬಲ್ಲರು. ಬೇಳೆ, ಬೆಲ್ಲ, ಸಕ್ಕರೆಯಂಥ ನಾಲ್ಕೈದು ಸಾಮಾನನ್ನು ಪ್ರತಿ ತಿಂಗಳೂ ಅಲ್ಲೇ ರೊಕ್ಕ ಕೊಟ್ಟು ಕೊಳ್ಳಿ, ಪಗಾರ ಬಂದ ವಾರದಲ್ಲೇ ಹಳೇ ಬಾಕಿ ಮುಟ್ಟಿಸಿ.

ಪ್ರಶ್ನೆ: ವಿಜಯಪುರದ ಮಾರ್ಟ್ ಒಂದರಲ್ಲಿ ರ‍್ಯಾಕಿನ ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ ಮತ್ತೊಂದು. ಏನು ಮಾಡಬೇಕು?

ಉತ್ತರ: ಆಫರ್ ಮುಗಿದ ಮೇಲೂ ಚೀಟಿ ತೆಗೆಯದಿರುವುದು, ಇಲ್ಲವೇ ಆಫರ್ ಬೇರೆ ಅಳತೆಯ ಪಾಕೀಟಿಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಚೀಟಿಯ ಫೋಟೋ ತೆಗೆದುಕೊಳ್ಳಿ, ದುಡ್ಡು ಕೊಡುವ ಮೊದಲೇ ಬಿಲ್ಲಿನ ಸಾಲುಗಳನ್ನು ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಕೆಟ್ಟ ಮಾಲನ್ನು ವಾಪಸ್ ಪಡೆಯುವುದಿಲ್ಲವೆಂದರೆ ಒಪ್ಪಬೇಡಿ: ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನದೊಳಗೆ ವಾಪಸ್ ಪಡೆಯಬೇಕೆಂದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ಕೇಳದಿದ್ದರೆ ಬಿಲ್ ಮುಂದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ.