ಹಮ್ಮಿಂಗ್‌ಬರ್ಡ್ ಮತ್ತು ಮಾಂಟಾ ರೇ: ರೆಕ್ಕೆ ಬಡಿತ ಒಂದೇನಾ?

ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್ ಅನ್ನುವ ಹಕ್ಕಿ ಮತ್ತು ದೈತ್ಯ ಮಾಂಟಾ ರೇ ಅನ್ನುವ ಕಡಲ ಮೀನು ಎರಡೂ ರೆಕ್ಕೆ ಬಡಿದೇ ಸಾಗುತ್ತವಲ್ಲ, ತಂತ್ರ ಒಂದೇನಾ ಅಂತ ಕೇಳಿದ್ದೀರಿ. ಖಂಡಿತ ಒಂದೇ ಅಲ್ಲ.

ಉತ್ತರ ಅಮೆರಿಕದ ಈ ಪುಟಾಣಿ ಹಕ್ಕಿಯ ತೂಕ ಸುಮಾರು 3 ಗ್ರಾಂ. ಸೆಕೆಂಡಿಗೆ 50ರಷ್ಟು ಸಲ ರೆಕ್ಕೆ ಬಡಿಯುತ್ತದೆ. ರೆಕ್ಕೆ ಹಿಂದಕ್ಕೆ ಹೋಗುವಾಗ ಪೂರ್ತಿ ಮಗುಚಿಕೊಳ್ಳುತ್ತದೆ. ಅದರ ತುದಿ ಗಾಳಿಯಲ್ಲಿ ಅಡ್ಡ ಮಲಗಿಸಿದ 8 ಬರೆಯುತ್ತದೆ. ಹಾಗಾಗಿ ಮುಂದಕ್ಕೆ, ಹಿಂದಕ್ಕೆ ಎರಡೂ ಹೊಡೆತದಲ್ಲಿ ಮೇಲೆತ್ತುವ ಬಲ ಸಿಗುತ್ತದೆ, ಹೂವಿನ ಮುಂದೆ ನಿಂತಲ್ಲೇ ನಿಲ್ಲಬಹುದು. ನನಗಂತೂ ಇದೇ ದೊಡ್ಡ ಅಚ್ಚರಿ. ಆದರೆ ಶಕ್ತಿ ಜಾಸ್ತಿ ಬೇಕು. ಅದಕ್ಕೇ ಚಳಿ ರಾತ್ರಿಗಳಲ್ಲಿ ಮೈಬಿಸಿ ಇಳಿಸಿಕೊಂಡು ಜಡವಾಗಿ ಬಿದ್ದಿರುತ್ತದೆ.

ಮಾಂಟಾ ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನುಗಳ ಬಳಗದ್ದು. ಅಗಲ 7 ಮೀಟರ್‌ವರೆಗೂ ಇರುತ್ತದೆ. ತೂಕದ ಬಹುಪಾಲನ್ನು ನೀರೇ ಹೊರುವುದರಿಂದ ನಿಧಾನವಾಗಿ ಬಡಿದರೆ ಸಾಕು. ಆದರೆ ನಿಲ್ಲುವಂತಿಲ್ಲ, ಉಸಿರಾಡಲು ಕಿವಿರುಗಳ ಮೂಲಕ ನೀರು ಹರಿಯುತ್ತಲೇ ಇರಬೇಕು. ಬಾಯಿ ತೆರೆದು ಸಾಗುತ್ತಾ ನೀರಲ್ಲಿ ತೇಲುವ ಪುಟ್ಟ ಜೀವಿಗಳನ್ನು (ಪ್ಲಾಂಕ್ಟನ್) ಸೋಸಿ ತಿನ್ನುತ್ತದೆ. ಹಕ್ಕಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟರೆ, ಮಾಂಟಾ ಒಂದು ಸಲಕ್ಕೆ ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ಬಲೆಗೆ ಸಿಕ್ಕಿ ಸತ್ತರೆ ಸಂತತಿ ಚೇತರಿಸಿಕೊಳ್ಳುವುದು ಬಹಳ ಕಷ್ಟ.